ಕಪ್ಪೆಯ ಕಲ್ಲಾದ ನೆಂಟರು

ಮಳೆಗಾಲದಲ್ಲಿ ಕೆರೆಯಂಚಿನಲ್ಲಿ ವಟಗುಟ್ಟುವ ಕಪ್ಪೆ ಅಂಗೈಯಲ್ಲಿ ಹಿಡಿಸುವಷ್ಟೇ ದೊಡ್ಡದು. ಅದರ ದೂರದ ನೆಂಟರಲ್ಲಿ ಕೆಲವು ಎರಡು ಮೂರು ಮೀಟರ್ ಉದ್ದವಿದ್ದವು ಎಂದರೆ ನಂಬುವಿರಾ? ಅವುಗಳ ಎಲುಬು ಸಿಕ್ಕಿರುವುದು ದೂರದಲ್ಲೇನಲ್ಲ. ತೆಲಂಗಾಣದ ಪ್ರಾಣಹಿತಾ–ಗೋದಾವರಿ ಕಣಿವೆಯಲ್ಲಿ, ಮಲೇರಿ ಎಂಬ ಊರಿನ ಹೆಸರು ಹೊತ್ತ ಕೆಂಪು ಮಣ್ಣುಗಲ್ಲಿನ ಪದರಗಳಲ್ಲಿ.

ಇವುಗಳ ಕುಟುಂಬದ ಹೆಸರು ಮೆಟೋಪೋಸಾರಿಡೇ. ಸುಮಾರು 23 ಕೋಟಿ ವರ್ಷಗಳ ಹಿಂದೆ ನದಿ, ಕೊಳ್ಳಗಳಲ್ಲಿ ಬದುಕಿದ್ದ ಉಭಯಚರಗಳಿವು. ಒಂದು ಎಲುಬು ಈ ಕುಟುಂಬದ್ದೇ ಎಂದು ಹೇಗೆ ಗುರುತಿಸುವುದು?

ಮೊದಲು ತಲೆಬುರುಡೆ ನೋಡಿ. ರೊಟ್ಟಿ ತಟ್ಟಿದಂತೆ ಚಪ್ಪಟೆ. ಕಣ್ಣಿನ ಗುಳಿಗಳು ಮೂತಿಯ ಕಡೆಗೆ, ಬುರುಡೆಯ ಮುಂದಿನ ಅರ್ಧದಲ್ಲಿವೆ. ಇದೇ ಕಾಲದ ಕ್ಯಾಪಿಟೋಸಾರ್ ಎಂಬ ಬಳಗದಲ್ಲಿ ಅವು ಹಿಂದಕ್ಕೆ ಸರಿದಿರುತ್ತವೆ. ಈ ಒಂದು ಗುರುತಿನಿಂದಲೇ ಎರಡನ್ನೂ ಬೇರ್ಪಡಿಸಬಹುದು. ಎಲುಬಿನ ಮೇಲೆ ಜೇನುಗೂಡಿನಂಥ ಗುಳಿಗಳು. ನಡುವೆ ಸಣ್ಣ ಕಾಲುವೆಗಳು. ಮೀನಿಗಿರುವಂತೆ ನೀರಿನ ಅಲುಗಾಟವನ್ನು ಅರಿಯುವ ಅಂಗ ಆ ಕಾಲುವೆಗಳಲ್ಲಿತ್ತು. ಹಾಗಾಗಿ ಇವು ಹೆಚ್ಚಾಗಿ ನೀರಿನಲ್ಲೇ ಇದ್ದವೆಂದು ತಿಳಿಯುತ್ತದೆ. ಹಲ್ಲನ್ನು ಅಡ್ಡ ಕೊಯ್ದರೆ ಒಳಗೆ ಚಕ್ರವ್ಯೂಹದಂತೆ ಮಡಿಕೆ ಮಡಿಕೆ. ಎದೆಯ ಕೆಳಗೆ ಅಗಲವಾದ ಎಲುಬಿನ ಹಲಗೆಗಳು. ಬೆನ್ನೆಲುಬಿನ ಮಣಿಗಳು ದುಂಡು ಬಿಲ್ಲೆಗಳಂತೆ.

ಜರ್ಮನಿ, ಪೋಲೆಂಡ್, ಮೊರಾಕೊ, ಅಮೆರಿಕಗಳಲ್ಲೂ ಈ ಕುಟುಂಬ ಸಿಕ್ಕಿದೆ. ನದಿಯ ಪ್ರಾಣಿ ಸಮುದ್ರ ದಾಟಿತೆ? ದಾಟಬೇಕಾಗಿರಲಿಲ್ಲ. ಆಗ ಭೂಖಂಡಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿದ್ದವು.

ಮಲೇರಿಯ ಪ್ರಾಣಿಯನ್ನು 1965ರಲ್ಲಿ ರಾಯ್ ಚೌಧುರಿ ಅವರು ಮೆಟೋಪೋಸಾರಸ್ ಎಂಬ ಕುಲಕ್ಕೆ ಸೇರಿಸಿದರು. ಬುರುಡೆಯನ್ನು ಮತ್ತೆ ಹೋಲಿಸಿ ನೋಡಿ, 2019ರಲ್ಲಿ ಅದಕ್ಕೆ ಪಂಥಾಸಾರಸ್ ಎಂಬ ಬೇರೆ ಕುಲವನ್ನೇ ಕೊಡಲಾಯಿತು. ಕುಲ ಬದಲಾದರೂ ಕುಟುಂಬ ಅದೇ.

ಮಲೇರಿಯ ಕೆಳಪದರದಲ್ಲಿ ಈ ಕುಟುಂಬ ಕಾಣುತ್ತದೆ. ಮೇಲ್ಪದರದಲ್ಲಿ ಅದಿಲ್ಲ, ಅಲ್ಲಿ ಚಿಗುಟಿಸಾರಿಡೇ ಎಂಬ ಬೇರೆ ಕುಟುಂಬದ ಉಭಯಚರಗಳಿವೆ. ಒಂದು ಹೋಗಿ ಇನ್ನೊಂದು ಬಂದ ಕಥೆ ನಮಗೆ ತಿಳಿದದ್ದು ಯಾವ ಎಲುಬು ಯಾವ ಪದರದ್ದು ಎಂದು ಬರೆದಿಟ್ಟಿದ್ದರಿಂದ. ಕಿತ್ತು ಮನೆಗೆ ತಂದ ಎಲುಬು ಬರೀ ಕಲ್ಲು. ಅದರ ಪದರ ಯಾವುದೆಂದು ಆಮೇಲೆ ಹೇಳುವವರಿಲ್ಲ.

ಆದ್ದರಿಂದ ಹೊಲದ ಬದುವಿನಲ್ಲೋ ಹಳ್ಳದ ದಂಡೆಯಲ್ಲೋ ಎಲುಬಿನಾಕಾರದ ಕಲ್ಲು ಕಂಡರೆ ಕೀಳಬೇಡಿ. ಇದ್ದಲ್ಲೇ ಬಿಡಿ, ಜಾಗ ಗುರುತಿಟ್ಟುಕೊಳ್ಳಿ, ಶಾಲೆಯ ವಿಜ್ಞಾನದ ಮೇಷ್ಟರಿಗೋ ಭೂವಿಜ್ಞಾನ ಇಲಾಖೆಗೋ ತಿಳಿಸಿ. ಕನ್ನಡದಲ್ಲಾಗಲಿ, ತೆಲುಗಿನಲ್ಲಾಗಲಿ, ಮರಾಠಿಯಲ್ಲಾಗಲಿ, ಹೇಳಿದರೆ ಸಾಕು.