ಕೆರೆಯಂಚಿನ ಉಳುಮೆಯೂ ಕುಡಿಯುವ ನೀರೂ

ಕುದಿಸಿದ ನೀರಿಗೆ ಭಯವಿಲ್ಲವೆಂಬುದು ರೋಗಾಣುಗಳ ಮಟ್ಟಿಗೆ ನಿಜ. ಎಲ್ಲ ವಿಷಗಳ ಮಟ್ಟಿಗಲ್ಲ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಟೊಲಿಡೊ ನಗರದ ಸುಮಾರು ನಾಲ್ಕು ಲಕ್ಷ ಜನರಿಗೆ ನಲ್ಲಿಯ ನೀರನ್ನು ಕುಡಿಯಬಾರದು, ಕುದಿಸಲೂ ಬಾರದು ಎಂಬ ಸೂಚನೆ ಹೊರಟಿತು. ಈರೀ ಸರೋವರದಲ್ಲಿ ಹಬ್ಬಿದ ನೀಲಿ-ಹಸಿರು ಪಾಚಿಯು ಯಕೃತ್ತಿಗೆ ಹಾನಿಕರವಾದ ಮೈಕ್ರೊಸಿಸ್ಟಿನ್ ಎಂಬ ವಿಷವನ್ನು ನೀರಿಗೆ ಬಿಟ್ಟಿತ್ತು. ಕುದಿಸಿದರೆ ಅದು ನಾಶವಾಗದು. ನೀರು ಆವಿಯಾದಷ್ಟೂ ಸಾಂದ್ರವಾಗುವುದು. ಆ ಪಾಚಿಗೆ ಆಹಾರವಾದದ್ದು ಬಹುಪಾಲು ಹೊಲಗಳಿಂದ ಹರಿದುಬಂದ ಗೊಬ್ಬರದ ರಂಜಕ.

ಅದೇ ದೇಶದ ಮಿನ್ನೆಸೋಟ ರಾಜ್ಯವು 2015ರಲ್ಲಿ ಕಾನೂನು ಮಾಡಿ, ಸಾರ್ವಜನಿಕ ಕೆರೆ-ಹೊಳೆಗಳ ದಡದಲ್ಲಿ ಸರಾಸರಿ 50 ಅಡಿ ಅಗಲದ ನೆಲವನ್ನು ಉಳದೆ ಬಹುವಾರ್ಷಿಕ ಸಸ್ಯಗಳಿಗೆ ಬಿಡಬೇಕೆಂದಿತು. ರೈತರಲ್ಲಿ ಅನೇಕರು ವಿರೋಧಿಸಿದರು. ಕೈಬಿಟ್ಟ ನೆಲದ ನಷ್ಟ ಅವರದು, ಶುದ್ಧ ನೀರು ಎಲ್ಲರದು. ಆದುದರಿಂದ ಆ ಅಸಮಾಧಾನ ಅಕಾರಣವೆನ್ನಲಾಗದು. ಆದರೂ ಹುಲ್ಲಿನ ಪಟ್ಟಿಯು ಹರಿಯುವ ನೀರನ್ನು ತಡೆದು ಮಣ್ಣನ್ನೂ ಅದಕ್ಕಂಟಿದ ರಂಜಕವನ್ನೂ ಹಿಡಿದಿಡುತ್ತದೆ. ಕಪ್ಪೆಗಳಿಗೂ ನೀರುಹಕ್ಕಿಗಳಿಗೂ ಆಸರೆಯಾಗುತ್ತದೆ. ನೆಲದಡಿಯ ಬಸಿಗಾಲುವೆಯಲ್ಲಿ ಕರಗಿ ಹೋಗುವ ರಂಜಕವನ್ನು ಮಾತ್ರ ಅದು ತಡೆಯಲಾರದು. ಅದಕ್ಕೆ ಗೊಬ್ಬರದ ಪ್ರಮಾಣವನ್ನೇ ಇಳಿಸಬೇಕು.

ನಮ್ಮಲ್ಲಿ ಬೇಸಿಗೆಯಲ್ಲಿ ನೀರು ಹಿಂಜರಿದಂತೆ ನೇಗಿಲು ಕೆರೆಯಂಗಳಕ್ಕೇ ಇಳಿಯುವುದುಂಟು. ಅಲ್ಲಿ ಚೆಲ್ಲಿದ ಗೊಬ್ಬರಕ್ಕೆ ದಡವೆಂಬ ತಡೆಯೂ ಇಲ್ಲ. ನೀರಿನ ಮೇಲೆ ಹಸಿರು ಬಣ್ಣ ಬಳಿದಂತಹ ಕೆನೆ ಕಂಡರೆ ಅದನ್ನು ಕುಡಿಯದಿರಿ; ದನಕರುಗಳಿಗೂ ಕುಡಿಸದಿರಿ.