ನೀರಹಕ್ಕಿಗಳನ್ನು ಕಾಣಲು ಎತ್ತ ಹೋಗಬೇಕು?

ಸ್ವಾರಗೇಟಿನ ಆಸುಪಾಸಿನಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗೆ ರಜೆ ಎಂದರೆ ಸಾಮಾನ್ಯವಾಗಿ ಎರಡೇ ದಾರಿ: ಒಂದು ಊರಿನ ಬಸ್ಸು, ಇನ್ನೊಂದು ಮಹಾಬಳೇಶ್ವರದ ಬಸ್ಸು. ಈಚೆಗೆ ಮೂರನೆಯದೊಂದು ಸೇರಿಕೊಂಡಿದೆ. ಭಿಗವಣದ ರಾಜಹಂಸಗಳ ಭಾವಚಿತ್ರ ಕಂಡ ಮಕ್ಕಳು ಅಲ್ಲಿಗೆ ಹೋಗೋಣವೆಂದು ಹಟ ಹಿಡಿಯುತ್ತಾರೆ. ಊರಿನಿಂದ ಬಂದ ಹಿರಿಯರು ‘ಅದಕ್ಕಿಂತ ನಮ್ಮ ರಂಗನತಿಟ್ಟೇ ಚೆಂದ’ ಎನ್ನುತ್ತಾರೆ. ಯಾವುದು ಮೇಲೆಂದು ಕೇಳುವವರಿಗೆ ನನ್ನದು ಒಂದೇ ಮರುಪ್ರಶ್ನೆ: ನಿಮಗೆ ರಜೆ ಯಾವ ತಿಂಗಳಲ್ಲಿ ದೊರೆಯುತ್ತದೆ? ಅದು ಗೊತ್ತಾದರೆ ಸ್ಥಳವನ್ನು ಹಕ್ಕಿಗಳೇ ಗೊತ್ತುಮಾಡುತ್ತವೆ.

ನೀರಹಕ್ಕಿಗಳ ತಾಣಗಳಲ್ಲಿ ಎರಡು ಬಗೆ. ಕೆಲವೆಡೆ ಹಕ್ಕಿಗಳು ಚಳಿಗಾಲ ಕಳೆಯಲು ಬರುತ್ತವೆ. ಕೆಲವೆಡೆ ಗೂಡು ಕಟ್ಟಿ ಮರಿಮಾಡಲು ಬರುತ್ತವೆ. ಮೊದಲನೆಯದರಲ್ಲಿ ಕಾಣುವುದು ಹಿಂಡಿನ ವೈಭವ. ಎರಡನೆಯದರಲ್ಲಿ ಸಂಸಾರದ ಗದ್ದಲ.

ಭಿಗವಣ ಮೊದಲನೆಯ ಬಗೆಯದು. ಸ್ವಾರಗೇಟಿನಿಂದ ಸೋಲಾಪುರದ ಹೆದ್ದಾರಿಯಲ್ಲಿ ಸುಮಾರು ೧೦೦ ಕಿಲೊಮೀಟರು. ಬೆಳಗ್ಗೆ ಹೋಗಿ ಸಂಜೆಗೆ ಮರಳಬಹುದು. ಭೀಮಾ ನದಿಗೆ ಕಟ್ಟಿದ ಉಜನಿ ಅಣೆಕಟ್ಟು ೧೯೮೦ರಲ್ಲಿ ಪೂರ್ಣಗೊಂಡಿತು; ಹಳ್ಳಿಗಳು ಮುಳುಗಿದವು, ಹಿನ್ನೀರು ಹಕ್ಕಿಗಳ ಬೀಡಾಯಿತು. ಕುಂಭಾರಗಾವ್, ದಿಕ್ಸಳ ಗ್ರಾಮಗಳ ಮೀನುಗಾರರು ದೋಣಿಯಲ್ಲಿ ಕರೆದೊಯ್ಯುತ್ತಾರೆ. ಆದರೆ ದೀಪಾವಳಿಯ ರಜೆಯಲ್ಲಿ ಹೋದವರು ಬಹುಶಃ ಬರಿಯ ನೀರನ್ನು ಕಂಡು ಮರಳಿಯಾರು. ರಾಜಹಂಸವು ಕತ್ತನ್ನು ಬಾಗಿಸಿ, ಕೊಕ್ಕನ್ನು ತಲೆಕೆಳಗಾಗಿ ನೀರಿನಲ್ಲಿಟ್ಟು, ಕೆಸರಿನ ಪಾಚಿ ಮತ್ತು ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವ ಪಕ್ಷಿ. ಅದಕ್ಕೆ ಮೊಳಕಾಲುದ್ದದ ನೀರು ಬೇಕು. ಮಳೆಗಾಲ ಮುಗಿದಾಗ ತುಂಬಿ ನಿಂತ ಜಲಾಶಯ ತಗ್ಗುತ್ತ ಬಂದು, ಕೆಸರುನೆಲ ಮೇಲೆದ್ದ ಮೇಲೆಯೇ ಅದರ ಊಟದ ಪಂಕ್ತಿ. ಆದುದರಿಂದ ಜನವರಿಯಿಂದ ಮಾರ್ಚಿಯವರೆಗಿನ ಅವಧಿ ಪ್ರಶಸ್ತ. ವಾರ್ಷಿಕ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿರುವ ನನ್ನ ವೃತ್ತಿಬಾಂಧವರಿಗೆ ಮಾರ್ಚ್ ದುರ್ಲಭ. ಜನವರಿಯ ಒಂದು ಭಾನುವಾರ ಸಾಕು.

ಇನ್ನೊಂದು ಸಂಗತಿ. ನಾವು ಪುಣೆಯಲ್ಲಿ ಚೆಲ್ಲಿದ ನೀರು ಮುಳಾ-ಮುಠಾ ಸೇರಿ, ಭೀಮೆಯ ಮೂಲಕ ಇದೇ ಉಜನಿಯಲ್ಲಿ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಇಂಡಿ, ಅಫಜಲಪುರಗಳ ಅಂಚಿನಲ್ಲಿ ಹರಿದು ರಾಯಚೂರು ಸೀಮೆಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ನಗರದ ಕೊಳಚೆ ಸಾಕಷ್ಟು ಶುದ್ಧಿಯಾಗದೆ ಇಲ್ಲಿ ಸೇರುತ್ತಿರುವುದರಿಂದ ನೀರು ಹಸಿರುಗಟ್ಟುವುದನ್ನು ದೋಣಿಯಿಂದಲೇ ಕಾಣಬಹುದು. ಬಾಡಿಗೆಯ ಮನೆ ಈ ದಡದಲ್ಲಿ, ತವರುಮನೆ ಆ ದಡದಲ್ಲಿ ಇರುವ ನಮಗೆ ಇದು ಪರರ ವಿಷಯವಲ್ಲ.

ಡಿಸೆಂಬರಿನಲ್ಲಿ ಊರಿಗೆ ಹೋಗುವ ಧಾರವಾಡ, ಗದಗ ಸೀಮೆಯವರು ಭಿಗವಣವನ್ನು ಬಿಟ್ಟು ಮಾಗಡಿಯ ಕೆರೆಗೆ ಹೋಗಲಿ ಎಂದು ನಾನು ಆಗ್ರಹಿಸುತ್ತೇನೆ. ಇದು ಬೆಂಗಳೂರಿನ ಬಳಿಯ ಮಾಗಡಿಯಲ್ಲ. ಗದಗದಿಂದ ಸುಮಾರು ೨೫ ಕಿಲೊಮೀಟರು ದೂರದ, ಶಿರಹಟ್ಟಿ ತಾಲ್ಲೂಕಿನ ಮಾಗಡಿ. ಸುಮಾರು ೫೦ ಹೆಕ್ಟೇರಿನ ಈ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಮಂಗೋಲಿಯ, ಟಿಬೆಟ್ಟುಗಳ ಕಡೆಯಿಂದ ಹಿಮಾಲಯವನ್ನು ದಾಟಿ ಬರುತ್ತವೆ. ಹೊಲಗಳಲ್ಲಿ ಮೇದು ಬಂದು ಹಗಲಲ್ಲಿ ಕೆರೆಯಲ್ಲಿ ವಿಶ್ರಮಿಸುವುದು ಅವುಗಳ ದಿನಚರಿ. ಬೆಳೆಗೆ ಬಾಯಿ ಹಾಕುವ ಈ ಅತಿಥಿಗಳನ್ನು ರೈತರು ಸಹಿಸಿಕೊಂಡಿರುವುದು ಸಣ್ಣ ಮಾತಲ್ಲ. ಜೌಗುನೆಲಗಳ ರಕ್ಷಣೆಗಾಗಿ ೧೯೭೧ರಲ್ಲಿ ಇರಾನಿನ ರಾಮ್‌ಸಾರಿನಲ್ಲಾದ ಒಪ್ಪಂದದ ಪಟ್ಟಿಗೆ ೨೦೨೪ರಲ್ಲಿ ಇದು ಸೇರಿತು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಗೂ ಅದೇ ವರ್ಷ ಅದೇ ಗೌರವ. ಮಳೆ ಸೋತ ವರ್ಷ ಕೆರೆ ಬತ್ತುವುದುಂಟು, ವಿಚಾರಿಸಿಕೊಂಡು ಹೊರಡಬೇಕು.

ಮಕ್ಕಳ ಬೇಸಿಗೆ ರಜೆಯೇ ನಿಮ್ಮ ಅನುಕೂಲವಾದರೆ ಹಿರಿಯರ ಮಾತೇ ಸರಿ. ರಂಗನತಿಟ್ಟಿನ ನಡುಗಡ್ಡೆಗಳು ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಕಟ್ಟಿಸಿದ ಒಡ್ಡಿನ ಫಲ. ಪಕ್ಷಿಶಾಸ್ತ್ರಜ್ಞ ಸಾಲಿಂ ಅಲಿಯವರ ಸಲಹೆಯಂತೆ ೧೯೪೦ರಲ್ಲಿ ಮೈಸೂರು ಸಂಸ್ಥಾನವು ಇದನ್ನು ಪಕ್ಷಿಧಾಮವಾಗಿಸಿತು. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳ ಗೂಡುಗಳ ಕೆಳಗೆ ಬಂಡೆಯ ಮೇಲೆ ಮೊಸಳೆಗಳು ಬಿಸಿಲು ಕಾಯುತ್ತವೆ. ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಟ್ಟಾಗ ದೋಣಿವಿಹಾರ ನಿಲ್ಲುತ್ತದೆ. ಮಳೆಗಾಲದಲ್ಲಿ ನೆಚ್ಚಿ ಹೋಗಬಾರದು. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರನ್ನೂ ನೋಡುವುದಾದರೆ ಏಪ್ರಿಲ್ ಮುಗಿಯುವುದರೊಳಗೆ ಹೋಗುವುದು ಲೇಸು. ಮಳೆಗಾಲದಲ್ಲೇ ಬಿಡುವಿರುವವರಿಗೆ ಮಲೆನಾಡಿನ ಗುಡವಿ, ಮಂಡಗದ್ದೆಗಳಿವೆ.

ಆರೋಗ್ಯದ ದೃಷ್ಟಿಯಿಂದಲೂ ಈ ಆಯ್ಕೆ ಮುಖ್ಯ. ಭಿಗವಣದಲ್ಲಿ ಕೆಸರುದಡದಿಂದ ತಗ್ಗಿನ ದೋಣಿಗೆ ಕಾಲಿಡಬೇಕು. ಮೊಣಕಾಲು ನೋವಿರುವ ಹಿರಿಯರಿಗೆ ರಂಗನತಿಟ್ಟಿನ ಕಟ್ಟೆಯೇ ಸುಲಭ. ಮಧುಮೇಹವಿರುವವರು ನಸುಕಿನಲ್ಲಿ ಮಾತ್ರೆ ನುಂಗಿಯೋ ಇನ್ಸುಲಿನ್ ಚುಚ್ಚಿಕೊಂಡೋ ‘ಅಲ್ಲಿ ತಿಂದರಾಯಿತು’ ಎಂದು ಖಾಲಿ ಹೊಟ್ಟೆಯಲ್ಲಿ ಹೊರಡುವುದು ಅಪಾಯಕರ. ರಕ್ತದ ಸಕ್ಕರೆ ಹಠಾತ್ತನೆ ಇಳಿದೀತು. ಬುತ್ತಿಯ ಜೊತೆ ಒಂದಿಷ್ಟು ಸಕ್ಕರೆಯೂ ಕೈಚೀಲದಲ್ಲಿರಲಿ. ಉಬ್ಬಸವಿರುವವರು ಮುಂಜಾವಿನ ಚಳಿಗಾಳಿಗೆ ಮೂಗು-ಬಾಯಿ ಮುಚ್ಚುವಂತೆ ವಸ್ತ್ರ ಸುತ್ತಿಕೊಂಡು, ಔಷಧವನ್ನು ಜೊತೆಗಿಟ್ಟುಕೊಳ್ಳಬೇಕು. ಸತ್ತ ಹಕ್ಕಿ ಕಂಡರೆ ಮಕ್ಕಳು ಮುಟ್ಟದಂತೆ ನೋಡಿಕೊಂಡು ಅರಣ್ಯ ಇಲಾಖೆಯವರಿಗೆ ತಿಳಿಸಬೇಕು. ಹಕ್ಕಿಜ್ವರದ ಭಯ ಬರಿಯ ಗಾಳಿಮಾತಲ್ಲ.

ದೋಣಿಯವನಿಗೆ ‘ಹಿಂಡನ್ನು ಎಬ್ಬಿಸಪ್ಪಾ, ಫೋಟೋ ಬೇಕು’ ಎಂದು ದುಂಬಾಲು ಬೀಳುವವರನ್ನು ಎಲ್ಲೆಡೆಯೂ ಕಾಣುತ್ತೇವೆ. ಊಟಕ್ಕೆ ಕುಳಿತವರನ್ನು ಎಬ್ಬಿಸುವುದು ನಮ್ಮ ಮನೆಗಳಲ್ಲಿ ಪದ್ಧತಿಯಲ್ಲ. ದೂರದಲ್ಲಿ ದೋಣಿ ನಿಲ್ಲಿಸಿ ಅರ್ಧಗಂಟೆ ಸುಮ್ಮನೆ ಕುಳಿತರೆ, ಸಾಕೆನಿಸಿದಾಗ ಅವು ತಾವಾಗಿಯೇ ಏಳುತ್ತವೆ. ಆಗ ರೆಕ್ಕೆಯಡಿಯ ಕೆಂಪು ಕಾಣುತ್ತದೆ.