ಹರಿಶ್ಚಂದ್ರಕಾವ್ಯದ ಅನಾಮಿಕೆಯರ ಪ್ರಸಂಗವೂ ಅದರ ಬೋಧನಕ್ರಮವೂ

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1927ರಲ್ಲಿ ಕನ್ನಡ ಎಂ.ಎ. ತರಗತಿ ಮೊದಲಾದಂದಿನಿಂದ ನಮ್ಮ ಪ್ರಾಚೀನ ಕಾವ್ಯಗಳು ಉನ್ನತ ವ್ಯಾಸಂಗದ ವಿಷಯಗಳಾಗಿವೆ. ಅವುಗಳಲ್ಲಿ ಸಮಾಜಸ್ಥಿತಿಯ ವಿಚಾರವನ್ನು ಅರಸುವುದೂ ಈಗ ಆ ವ್ಯಾಸಂಗದ ಒಂದು ಅಂಗವಾಗಿದೆ. ಇದು ಉಚಿತವೇ ಸರಿ. ಆದರೆ ಒಂದು ಪ್ರಸಂಗವನ್ನು ಕಾವ್ಯದಿಂದ ಬೇರ್ಪಡಿಸಿ ಓದಿದರೆ ಕವಿಯ ಅಭಿಪ್ರಾಯವು ವಿಪರೀತವಾಗಿ ತೋರುವ ಅಪಾಯವುಂಟು. ಇದಕ್ಕೆ ರಾಘವಾಂಕನ ಹರಿಶ್ಚಂದ್ರಕಾವ್ಯಕ್ಕಿಂತ ಉತ್ತಮವಾದ ನಿದರ್ಶನವು ದೊರೆಯುವುದು ಕಷ್ಟ.

ಹರಿಹರನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನು 13ನೆಯ ಶತಮಾನದ ಪೂರ್ವಭಾಗದವನು. ಈತನ ಹರಿಶ್ಚಂದ್ರಕಾವ್ಯವು ವಾರ್ಧಕಷಟ್ಪದಿಯಲ್ಲಿದೆ. ಅದರಲ್ಲಿ ವಿಶ್ವಾಮಿತ್ರನು ಸೃಷ್ಟಿಸಿ ಕಳುಹಿಸಿದ ಇಬ್ಬರು ಅನಾಮಿಕೆಯರು ರಾಜನ ಮುಂದೆ ಹಾಡಿ ಅವನನ್ನು ಮೆಚ್ಚಿಸುತ್ತಾರೆ. ಅವರು ಬೇಡುವುದು ರಾಜನ ಮುತ್ತಿನ ಸತ್ತಿಗೆಯನ್ನು. ವಂಶಪರಂಪರೆಯಾಗಿ ಬಂದ ಆ ಕೊಡೆಯನ್ನು ಕೊಡಲಾಗದೆಂದು ರಾಜನು ನಿರಾಕರಿಸಲು, ಹಾಗಾದರೆ ನಮಗೆ ಪತಿಯಾಗೆಂದು ಕೇಳುತ್ತಾರೆ. ರಾಜನು ಕುಲವನ್ನೆತ್ತಿ ಹಳಿಯುತ್ತಾನೆ. ನಮ್ಮ ಗಾನವನ್ನು ಕೇಳಿದ ಕಿವಿಗೂ ರೂಪವನ್ನು ಕಂಡ ಕಣ್ಣಿಗೂ ಇಲ್ಲದ ಮೈಲಿಗೆಯು ಸ್ಪರ್ಶಕ್ಕೆ ಮಾತ್ರ ಹೇಗೆ ಬಂದಿತೆಂಬುದು ಅವರ ಪ್ರಶ್ನೆಯ ಸಾರ. ರಾಜನಿಂದ ಇದಕ್ಕೆ ಯುಕ್ತಿಯುಕ್ತವಾದ ಉತ್ತರವು ಬರುವುದಿಲ್ಲ. ಅವನು ಕೋಪಗೊಂಡು ಅವರನ್ನು ಹೊಡೆದಟ್ಟುತ್ತಾನೆ.

ಈ ಸಂವಾದವನ್ನಷ್ಟೇ ಓದಿದವರು ಎರಡು ಪಕ್ಷಗಳಾಗುವುದು ಸಹಜ. ಅಸ್ಪೃಶ್ಯತೆಯನ್ನು ಕವಿಯು ಖಂಡಿಸಿದನೆಂದು ಒಂದು ಪಕ್ಷ. ಇದು ಮುನಿಯು ಹೂಡಿದ ಕಪಟವಾದುದರಿಂದ ಅನಾಮಿಕೆಯರ ಮಾತು ಕವಿಗೆ ಸಮ್ಮತವಲ್ಲವೆಂದು ಇನ್ನೊಂದು. ಎರಡಕ್ಕೂ ಆಧಾರವು ಒಂದು ಪ್ರಸಂಗ ಮಾತ್ರ, ಇಡೀ ಕಾವ್ಯವಲ್ಲ.

ಮೊದಲು ಆಕರಗಳನ್ನು ನೋಡಬೇಕು. ಐತರೇಯಬ್ರಾಹ್ಮಣದ ಶುನಶ್ಶೇಪಾಖ್ಯಾನದಲ್ಲಿ ಹರಿಶ್ಚಂದ್ರನಿಗೆ ವರುಣನೊಡನೆ ವ್ಯವಹಾರ. ಅಲ್ಲಿ ವಿಶ್ವಾಮಿತ್ರನು ಯಾಗದ ಹೋತೃ. ಮಾರ್ಕಂಡೇಯಪುರಾಣದಲ್ಲಿಯೂ ಕ್ಷೇಮೀಶ್ವರನ ಚಂಡಕೌಶಿಕ ನಾಟಕದಲ್ಲಿಯೂ ಮುನಿಯ ಋಣವೂ ರಾಜನು ಚಂಡಾಲನಿಗೆ ದಾಸನಾಗುವುದೂ ಇವೆ. ಆದರೆ ಅಲ್ಲಿ ಮುನಿಯ ಕೋಪಕ್ಕೆ ಕಾರಣವು ಬೇರೆ: ರಾಜನು ವಿದ್ಯೆಗಳ ಆರ್ತನಾದವನ್ನು ಕೇಳಿ ಅಡ್ಡಬಂದನೆಂಬುದು. ಅನಾಮಿಕೆಯರ ಪ್ರಸಂಗವು ಇವೆರಡರಲ್ಲಿಯೂ ಇಲ್ಲ. ಅಂದಮೇಲೆ ರಾಘವಾಂಕನು ಚಂಡಾಲದಾಸ್ಯವೆಂಬ ಪೂರ್ವಕಥೆಯ ಅಂಶವನ್ನು ಇರಿಸಿಕೊಂಡು, ಅದಕ್ಕೆ ಮುಂಚೆ ಸ್ಪರ್ಶದ ಪ್ರಶ್ನೆಯನ್ನು ನಿಲ್ಲಿಸಿದ್ದಾನೆ.

ಈ ಕ್ರಮದಿಂದ ಉಂಟಾಗುವ ಅರ್ಥವು ಗಮನಾರ್ಹವಾದುದು. ಕೊಡೆಯೊಂದನ್ನು ಕೊಡಲಾರೆನೆಂದವನು, ಆ ಕನ್ಯೆಯರನ್ನು ವರಿಸೆಂದು ಮುನಿಯು ಒತ್ತಾಯಪಡಿಸಿದಾಗ ರಾಜ್ಯವನ್ನೇ ಒಪ್ಪಿಸಿಬಿಡುತ್ತಾನೆ. ಅನಾಮಿಕೆಯರನ್ನು ಮುಟ್ಟಲಾರೆನೆಂದವನು, ಋಣವನ್ನು ತೀರಿಸುವುದಕ್ಕಾಗಿ ಕಾಶಿಯಲ್ಲಿ ವೀರಬಾಹುಕನಿಗೆ ಮಾರಿಕೊಂಡು ಶ್ಮಶಾನವನ್ನು ಕಾಯುತ್ತಾನೆ. ಕನ್ಯೆಯರ ಪ್ರಶ್ನೆಗೆ ಮಾತಿನಲ್ಲಿ ಬಾರದ ಉತ್ತರವು ಕಥೆಯ ಗತಿಯಲ್ಲಿ ಬರುತ್ತದೆ. ಕುಲವನ್ನು ಉಳಿಸಿಕೊಳ್ಳಲು ರಾಜ್ಯವನ್ನು ತೊರೆದವನಿಂದ ಸತ್ಯವು ಆ ಕುಲಾಭಿಮಾನವನ್ನೂ ಬಿಡಿಸುತ್ತದೆ.

ಹಾಗೆಂದು ಕವಿಯನ್ನು ಇಂದಿನ ಸಮಾಜಸುಧಾರಕನೆನ್ನುವುದು ಯುಕ್ತವಲ್ಲ. ಕಾವ್ಯದ ಪ್ರಧಾನವಿಷಯವು ಸತ್ಯ. ಕಡೆಗೆ ಶಿವನು ಪ್ರತ್ಯಕ್ಷನಾಗಿ ರಾಜನಿಗೆ ರಾಜ್ಯವು ಮರಳುತ್ತದೆಯೇ ಹೊರತು ಕುಲವ್ಯವಸ್ಥೆಯು ಅಳಿಯುವುದಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಮಾಡಿತು. ಆ ನ್ಯಾಯವನ್ನು 13ನೆಯ ಶತಮಾನದ ಕವಿಯಲ್ಲಿ ಆರೋಪಿಸುವುದು ಕಾಲವಿರುದ್ಧ. ಆದರೆ ಪ್ರಶ್ನೆಯನ್ನು ಅಷ್ಟು ಬಲವಾಗಿ ಆಡಿಸಿದ ಕವಿಗೆ ಅದರ ತೀಕ್ಷ್ಣತೆಯು ತಿಳಿದಿರಲಿಲ್ಲವೆನ್ನುವುದೂ ಸಾಧ್ಯವಲ್ಲ.

ಅಧ್ಯಾಪಕರು ಶಬ್ದಾರ್ಥದಲ್ಲಿಯೂ ಎಚ್ಚರವಹಿಸಬೇಕು. ಈಗ ‘ಅನಾಮಿಕ’ನೆಂದರೆ ಹೆಸರು ತಿಳಿಯದವನು, ಈ ಕಾವ್ಯದಲ್ಲಿ ಅಂತ್ಯಜನೆಂದರ್ಥ. ಇದನ್ನು ಮೊದಲೇ ತಿಳಿಸದಿದ್ದರೆ ವಿದ್ಯಾರ್ಥಿಗೆ ವಾದದ ಬುಡವೇ ತಪ್ಪುತ್ತದೆ. 2017ರಲ್ಲಿ ವನಮಾಲಾ ವಿಶ್ವನಾಥರ ಇಂಗ್ಲಿಷ್ ಅನುವಾದವು ಪ್ರಕಟವಾಗಿ, ಕನ್ನಡವನ್ನರಿಯದವರೂ ಈ ಕಾವ್ಯವನ್ನು ಓದುವಂತಾಗಿದೆ. ಆದುದರಿಂದ ಕನ್ನಡ ತರಗತಿಗಳ ಹೊಣೆಯು ಹೆಚ್ಚಿದೆ. ಶಬ್ದಾರ್ಥನಿರ್ಣಯ, ಆಕರಗಳೊಡನೆ ತುಲನೆ, ಸಮಗ್ರ ಕಾವ್ಯದ ಅನುಸಂಧಾನ, ಇವು ಮೂರೂ ಆದ ಬಳಿಕವೇ ಸಮಾಜವಿಚಾರಕ್ಕೆ ಕೈಯಿಡಬೇಕು. ಹಾಗೆ ಮಾಡಿದರೆ ಕವಿಗೂ ಅನ್ಯಾಯವಾಗದು, ಆ ಕನ್ಯೆಯರ ಪ್ರಶ್ನೆಗೂ ಆಗದು.